ಬರಿಗೈ ನಡಿಗೆ

ಬೀರೇಶ ಆ ದಿನ ಕೆಟ್ಟಿದ್ದು ಒಂದೇ ಒಂದು ಮಾತಿನಿಂದ. ಬೆಳಿಗ್ಗೆ ಊರಮುಂದಿನ ರಸ್ತೆಯಲ್ಲಿ, ಪುದೀನ ಸೊಪ್ಪಿನ ಹೊರೆ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬಂದ ಮುನೀಶ, "ಎಲ್ಲಿಗ್ಲಾ ಬೀರಾ?" ಅಂತ ಕೇಳಿದ. ಬೀರೇಶ "ಸುಮ್ನೆ" ಅಂದುಬಿಟ್ಟ.

ಅಯ್ಯೋ, ಅನ್ನಬಾರದಿತ್ತು. ತಮಿಳುನಾಡಿಗೆ ಸೇರಿದ ಹೊಸೂರಿನ ಹತ್ತಿರ, ತೊರಪಲ್ಲಿ ಅಗ್ರಹಾರದ ಪಕ್ಕದ ಆ ಊರಲ್ಲಿ ಸುಮ್ಮನೆ ನಡೆಯುವವರು ಯಾರೂ ಇಲ್ಲ. ನಡೆಯುವವನ ಕೈಯಲ್ಲಿ ಕುಡುಗೋಲಿರಬೇಕು, ಹಾಲಿನ ಕ್ಯಾನಿರಬೇಕು, ಏನೂ ಇಲ್ಲದಿದ್ದರೆ ಹಸು ಕಟ್ಟೋ ಹಗ್ಗವಾದರೂ ಇರಬೇಕು. ಬರಿಗೈ ಬೀಸಿಕೊಂಡು, ನೆಲ ನೋಡುತ್ತ ಒಬ್ಬ ಗಂಡಸು ಹೋಗುತ್ತಿದ್ದಾನೆ ಅಂದರೆ ಒಂದೋ ಅವನಿಗೆ ಬಸ್ಸು ತಪ್ಪಿದೆ, ಇಲ್ಲವೇ ಹೆಂಡತಿ ಜತೆ ಜಗಳ ಆಗಿದೆ. ಎರಡಕ್ಕೂ ಊರವರು ಕಂಡುಕೊಂಡಿರುವ ಉಪಾಯ ಒಂದೇ, ಗಾಡಿಗೆ ಹತ್ತಿಸಿಕೊಳ್ಳೋದು.

"ಹತ್ಲಾ."

"ಬ್ಯಾಡ ಮುನೀಶಾ, ನಡ್ಕಂಡೇ ಹೋಯ್ತೀನಿ."

"ನಾನು ಗಾಡೀಲಿ ಹೋಗಾದು, ನೀನು ನಡ್ಕಂಡು ಬರಾದು! ನೋಡ್ದೋರು ನನ್ನ ಮನುಷ ಅಂತಾರೇನ್ಲಾ? ಹತ್ತು ಅಂದ್ರೆ ಹತ್ತು."

ಬೀರೇಶ ಪುದೀನ ಹೊರೆಯ ಮೇಲೆ ಕೂತ. ಹೊಸೂರು ರಸ್ತೆಯ ತಿರುವಿನಲ್ಲಿ ಮುನೀಶ ಅವನನ್ನು ಇಳಿಸಿ, "ಇಲ್ಲೇ ನಿಂತ್ಕೋ, ಬಸ್ಸು ಬತ್ತದೆ" ಅಂದು ಹೋದ. ಸರಿ, ಇಲ್ಲಿಂದಲಾದರೂ ವಾಪಸು ನಡೆಯೋಣ ಅಂತ ಬೀರೇಶ ಊರಿನ ಕಡೆ ತಿರುಗಿದನೋ ಇಲ್ಲವೋ, ಟೊಮೇಟೊ ಕ್ರೇಟುಗಳನ್ನು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರು ಪಕ್ಕದಲ್ಲೇ ನಿಂತಿತು. ಅದರವನೂ ಊರಿನವನೇ. ಅವನೂ ಮನುಷ್ಯನೇ. ಬೇಡ ಬೇಡ ಅಂದರೂ ಖಾಲಿ ಕ್ರೇಟುಗಳ ನಡುವೆ ಕೂರಿಸಿಕೊಂಡು ತಂದು ಊರ ಬಾಗಿಲಲ್ಲೇ ಬಿಟ್ಟ. ಆ ದಿನದ ವಾಕಿಂಗಿನಲ್ಲಿ ಬೀರೇಶನ ಚಪ್ಪಲಿಗೆ ಧೂಳು ಕೂಡ ಹತ್ತಲಿಲ್ಲ.

ಈ ನಡಿಗೆ ಅವನಿಗೆ ಶೋಕಿಯಾಗಿರಲಿಲ್ಲ. ಹೊಸೂರಿನ ಕೈಗಾರಿಕಾ ಪ್ರದೇಶ ಸಿಪ್‌ಕಾಟಿನ ಒಂದು ಫ್ಯಾಕ್ಟರಿಯಲ್ಲಿ ಅವನು ಪ್ರೆಸ್ ಮಿಷನ್ನಿನ ಮೇಲೆ ಕೆಲಸ ಮಾಡುತ್ತಿದ್ದ. ಕೆಲವು ತಿಂಗಳಿಂದ ಅವನ ಮನಸ್ಸಿನ ಮೇಲೆ ಯಾರೋ ಒದ್ದೆ ಕಂಬಳಿ ಹೊದಿಸಿದ ಹಾಗೆ ಆಗಿತ್ತು. ಊಟ ರುಚಿಸದು, ನಿದ್ದೆ ಬಾರದು, ಹೆಂಡತಿ ನಕ್ಕರೆ ಯಾಕೆ ನಗುತ್ತಿದ್ದಾಳೆ ಅಂತ ತಿಳಿಯದು. ಒಂದು ದಿನ ಮಿಷನ್ನು ಕೆಳಗಿಳಿಯುವಾಗ ಕೈ ತೆಗೆಯಬೇಕು ಅನ್ನುವುದೇ ಅವನಿಗೆ ಹೊಳೆಯಲಿಲ್ಲ. ಪಕ್ಕದವನು ಎಳೆದಿದ್ದರಿಂದ ಬೆರಳು ಉಳಿದವು. ಸೂಪರ್‌ವೈಸರ್ ಬೈಯಲಿಲ್ಲ. ರಜ ಕೊಟ್ಟು, ಹೊಸೂರಿನ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದ.

ಡಾಕ್ಟರು ಒಳ್ಳೆಯವರು. "ಈಗ್ಲೇ ಮಾತ್ರೆ ಬೇಡ. ದಿನಾ ಬೆಳಿಗ್ಗೆ ಎಳೆ ಬಿಸಿಲಲ್ಲಿ ಒಂದು ಗಂಟೆ ನಡೀರಿ. ಹೊತ್ತಿಗೆ ಸರಿಯಾಗಿ ಮಲಗಿ. ನಂಬಿಕೆ ಇರೋ ಯಾರಾದ್ರೂ ಒಬ್ಬರ ಹತ್ರ ಮನಸ್ಸು ಬಿಚ್ಚಿ ಮಾತಾಡಿ. ಎರಡು ವಾರ ನೋಡೋಣ. ಅಷ್ಟರಲ್ಲಿ ಜಾಸ್ತಿ ಆದ್ರೆ ಕಾಯ್ಬೇಡಿ, ನೇರ ಬಂದ್ಬಿಡಿ" ಅಂದಿದ್ದರು. ಮಾತಾಡೋದು ಬೀರೇಶನ ಕೈಲಾಗಲಿಲ್ಲ. ಹೆಂಡತಿ ಮಾಲಾಗೆ ಕೂಡ "ಕಂಪನೀಲಿ ಆರ್ಡರ್ ಇಲ್ಲ, ರಜ" ಅಂತ ಸುಳ್ಳು ಹೇಳಿದ್ದ. ನಡೆಯೋದನ್ನು ಮಾತ್ರ ಮಾಡಿದ. ಹೊಲದ ಹಿಂದಿನ ಬಂಡಿದಾರಿಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ. ನಿಜ ಹೇಳಬೇಕೆಂದರೆ ಆ ಒಂದು ಗಂಟೆಯಲ್ಲಿ ಅವನಿಗೆ ಸ್ವಲ್ಪ ಉಸಿರಾಡಿದ ಹಾಗೆ ಆಗುತ್ತಿತ್ತು. ದಿನವಿಡೀ ಅವನು ಹಿಡಿದುಕೊಂಡಿದ್ದುದು ಅದೊಂದನ್ನೇ. ಆವತ್ತು ಪೈಪು ಹೂಳೋಕೆ ಬಂಡಿದಾರಿಯನ್ನು ಅಗೆದುಬಿಟ್ಟಿದ್ದರು. ಹಾಗಾಗಿ ರಸ್ತೆಗೆ ಬಂದ, ಸಿಕ್ಕಿಹಾಕಿಕೊಂಡ.

ಟ್ರ್ಯಾಕ್ಟರಿನಿಂದ ಇಳಿದವನಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ತೋಟದ ಕಡೆ ಹೆಜ್ಜೆ ಹಾಕಿ, ಹಳೇ ಬಾವಿಯ ಹತ್ತಿರ ನಿಂತ. ಯಾಕೆ ನಿಂತ ಅಂತ ನನ್ನನ್ನು ಕೇಳಬೇಡಿ. ಅವನನ್ನು ಕೇಳಿದ್ದರೂ ಹೇಳುತ್ತಿರಲಿಲ್ಲ. ನೀರು ತುಂಬ ಕೆಳಗಿತ್ತು, ಕಪ್ಪಗಿತ್ತು, ಅವನು ನೋಡುತ್ತಿದ್ದ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಅಂಗಿಯ ಕಾಲರು ಹಿಡಿದು, ಕಳೆ ಗಿಡ ಕಿತ್ತ ಹಾಗೆ ಎಳೆದರು. ಪಕ್ಕದ ಮನೆ ಲಕ್ಷ್ಮಣಪ್ಪ, ವರಸೆಯಲ್ಲಿ ಬೀರೇಶನಿಗೆ ದೊಡ್ಡಪ್ಪ. ಇಬ್ಬರೂ ಬೆಂಡೆ ಗಿಡದ ಮೇಲೆ ಬಿದ್ದರು.

"ಲೇ ಬೇವರ್ಸಿ! ಏನ್ ಬಂದೈತ್ಲಾ ನಿಂಗೆ? ರಾಮಕ್ಕಾ! ಓ ರಾಮಕ್ಕಾ! ಬೀರ ಬಾವಿಗೆ ಬೀಳೋಕ್ ಬಂದವ್ನೆ, ಓಡ್ಬಾರೇ!"

ರಾಮಕ್ಕ ಎದುರು ಮನೆಯವಳು. ಅವಳೊಬ್ಬಳಿಗೆ ಗೊತ್ತಾದರೆ ಸಾಕು, ಮೈಕು ಬೇಕಿಲ್ಲ. ನೋಡನೋಡುತ್ತಿದ್ದ ಹಾಗೆ ಅರ್ಧ ಬೀದಿ ಬೆಂಡೆ ತೋಟದಲ್ಲಿ ನಿಂತಿತ್ತು.

"ಹೇಳ್ಲಾ, ಯಾಕೆ ಬಂದೆ ಇಲ್ಲಿಗೆ?"

ಬೀರೇಶ ಬಾಯಿ ತೆರೆದ. ಇದೇ ಸಮಯ, ಹೇಳಿಬಿಡೋಣ ಅಂತ ನಾಲಿಗೆ ತುದಿಯವರೆಗೂ ಬಂತು. ಆದರೆ ಗುಂಪಿನ ಹಿಂದೆ ಸೊಣ್ಣಪ್ಪ ಕಂಡ. ಈ ಸೊಣ್ಣಪ್ಪ ಒಂದು ಕಾಲದಲ್ಲಿ ಎಮ್ಮೆ ಸತ್ತ ದುಃಖಕ್ಕೆ "ನಂಗ್ಯಾಕೋ ಮನ್ಸೇ ನೆಟ್ಟಗಿಲ್ಲ" ಅಂತ ಟೀ ಅಂಗಡಿಯಲ್ಲಿ ಒಂದು ಸಲ ಅಂದಿದ್ದ, ಅಷ್ಟೇ. ಆಮೇಲೆ ಎಷ್ಟೋ ಎಮ್ಮೆ ಬಂದವು, ಕರು ಹಾಕಿದವು, ಸೊಣ್ಣಪ್ಪ ಅಜ್ಜನೂ ಆದ. ಊರಿಗೆ ಮಾತ್ರ ಅವನು ಇಂದಿಗೂ ಮೆಂಟ್ಲು ಸೊಣ್ಣಪ್ಪ. ಮೊಮ್ಮಗಳ ನಾಮಕರಣಕ್ಕೆ ಕರೆಯಲು ಬಂದಾಗಲೂ ಜನ "ಮೆಂಟ್ಲು ಮನೇಲಿ ಊಟ" ಅಂದುಕೊಂಡೇ ಹೋಗಿ ಉಂಡು ಬಂದಿದ್ದರು. ಬೀರೇಶನ ನಾಲಿಗೆ ತುದಿಯ ಮಾತು ಗಬಕ್ಕನೆ ಒಳಗೆ ಹೋಯಿತು.

"ಶುಗರು!" ಅಂದ.

"ಏನು?"

"ಶುಗರು ದೊಡ್ಡಪ್ಪ. ಸಕ್ಕರೆ ಕಾಯ್ಲೆ. ಡಾಕ್ಟ್ರು ದಿನಾ ನಡೀಬೇಕು ಅಂದವ್ರೆ. ಅದುಕ್ಕೇ ನಡೀತಿದ್ದೆ. ತಲೆ ಸುತ್ತು ಬಂತು, ಬಾವಿ ಹತ್ರ ನಿಂತ್ಕಂಡೆ."

ನಂಬುತ್ತೀರೋ ಇಲ್ಲವೋ, ಇಡೀ ಗುಂಪಿನ ಮುಖ ಅರಳಿತು. ಸಕ್ಕರೆ ಕಾಯಿಲೆ! ಎಂಥ ಮರ್ಯಾದಸ್ಥ ಕಾಯಿಲೆ! ಹೊಸೂರಿನ ಅವಲಪಲ್ಲಿ ಬಡಾವಣೆಯಲ್ಲಿ ಸೈಟು ಮಾಡಿಕೊಂಡಿರುವ ದೊಡ್ಡ ಮನುಷ್ಯರಿಗೆಲ್ಲ ಇದೆ. ಲಕ್ಷ್ಮಣಪ್ಪ ಕಾಲರು ಬಿಟ್ಟು, ಅದೇ ಕೈಯಲ್ಲಿ ಬೆನ್ನು ಸವರಿದ. "ಮೊದ್ಲೇ ಹೇಳಾಕೇನಾಗಿತ್ತು ಕೂಸೇ? ಒಬ್ನೇ ನುಂಗ್ಕಂಡಿದ್ದೀಯಲ್ಲೋ!" ಅಂತ ಕಣ್ಣೊರೆಸಿಕೊಂಡ. ಬೀರೇಶನಿಗೂ ಅಳು ಬಂತು. ತಿಂಗಳುಗಳಿಂದ ಯಾರಾದರೂ ಹೀಗೆ ಬೆನ್ನು ಸವರಲಿ ಅಂತ ಅವನು ಕಾದಿದ್ದ. ಸವರಿದರು, ಆದರೆ ಇಲ್ಲದ ಕಾಯಿಲೆಗೆ.

ಆಮೇಲೆ ಶುರುವಾಯಿತು ನೋಡಿ ಉಪಚಾರ. ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಾಲಾ ಸಕ್ಕರೆ ಡಬ್ಬ, ಬೆಲ್ಲ, ಬಾಳೆಹಣ್ಣು ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿ, ಬಾಗಿಲಲ್ಲಿ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು.

"ಊರೋರ ಬಾಯಲ್ಲಿ ಕೇಳ್ಬೇಕಾ ನಾನು? ನಂಗೆ ಒಂದು ಮಾತು ಹೇಳ್ಬಾರ್ದಾ?"

"ಇಲ್ಲ ಕಣೆ, ಅದು..."

"ಮಾತಾಡ್ಬ್ಯಾಡಿ. ತಲೆ ಸುತ್ತು ಬತ್ತದಂತೆ. ಮಲೀಕಳಿ."

ರಾಮಕ್ಕ ಹಾಗಲಕಾಯಿ ರಸ ತಂದು, ಮೂಗು ಹಿಡಿದು ಕುಡಿಸಿದಳು. ಹಿಂದಿನ ಬೀದಿಯಿಂದ ನೆನೆಸಿದ ಮೆಂತ್ಯ ಬಂತು, ಅದರ ಹಿಂದೆ ಬೇವಿನ ಚಿಗುರು, ನೇರಳೆ ಬೀಜದ ಪುಡಿ. ಕಹಿ ಅನ್ನುವ ರುಚಿ ಈ ಭೂಮಿಯ ಮೇಲೆ ಎಷ್ಟು ಬಗೆಯಲ್ಲಿದೆಯೋ ಅಷ್ಟೂ ಮಧ್ಯಾಹ್ನದ ಹೊತ್ತಿಗೆ ಬೀರೇಶನ ಹೊಟ್ಟೆಯಲ್ಲಿತ್ತು. ಮಾರ್ಕೆಟ್ಟಿನಿಂದ ವಾಪಸು ಬಂದ ಮುನೀಶ, "ಅಯ್ಯೋ, ನಡೀಬೇಕಾದೋನ್ನ ಗಾಡಿ ಮೇಲೆ ಕೂರ್ಸ್ಕಂಡ್ ಹೋದ್ನಲ್ಲಪ್ಪೋ" ಅಂತ ಹಣೆ ಚಚ್ಚಿಕೊಂಡ. ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ.

"ಪಾಯಿಂಟ್ ಎಷ್ಟೈತಂತೆ?"

"ಇನ್ನೂರು" ಅಂದ ಬೀರೇಶ, ಬಾಯಿಗೆ ಬಂದದ್ದು.

"ಬೆಳಿಗ್ಗೆ ಬರಿಹೊಟ್ಟೇಲೋ, ಊಟ ಆದ್ಮೇಲೋ?"

ಅವನಿಗೆ ಇದೆಲ್ಲ ಎಲ್ಲಿ ಗೊತ್ತು? ಪಿಳಿಪಿಳಿ ನೋಡಿದ. ಲಕ್ಷ್ಮಣಪ್ಪನಿಗೆ ಗಾಬರಿಯಾಯಿತು. "ಸರ್ಯಾಗೇ ನೋಡಿಲ್ಲ ಇವ್ನಿಗೆ. ಇವತ್ತು ಹೆಂಗೂ ರಮ್ಯ ಬತ್ತಾಳೆ. ಇನ್ನೊಂದ್ ಸಲ ನೋಡ್ಸಾನ" ಅಂದ.

ರಮ್ಯ ಅಂದರೆ ಸರ್ಕಾರದ ಕಡೆಯಿಂದ ಮನೆ ಬಾಗಿಲಿಗೇ ಬಂದು ಬಿ.ಪಿ., ಶುಗರು ನೋಡುವ ಹುಡುಗಿ. ಬಾಗಲೂರಿನವಳು. ಊರವರ ಜತೆ ಕನ್ನಡ, ಆಫೀಸಿನ ಜತೆ ತಮಿಳು. ಇಷ್ಟು ದಿನ ಅವಳು ಬಂದರೆ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು. ಸೂಜಿ ಅಂದರೆ ಲಕ್ಷ್ಮಣಪ್ಪನಿಗೇ ಮೊದಲು ಭಯ. ಆವತ್ತು ಮಾತ್ರ ರಾಮಕ್ಕನ ಜಗಲಿಯ ಮೇಲೆ ಅವಳಿಗೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು ಕೂರಿಸಿದರು. ಬೀರೇಶನನ್ನು ಬಲಿ ಕೊಡುವ ಕುರಿಯ ಹಾಗೆ ಎರಡೂ ಕಡೆ ಹಿಡಿದು ತಂದರು.

"ನಂಗ್ ಬ್ಯಾಡ, ಆಮೇಲ್ ನೋಡ್ಸ್ಕತೀನಿ" ಅಂತ ಬೀರೇಶ ಕೈ ಹಿಂದೆ ಬಚ್ಚಿಟ್ಟುಕೊಂಡ. ಶುಗರು ಇಲ್ಲ ಅಂತ ಗೊತ್ತಾದರೆ ನಾಳೆಯಿಂದ ನಡಿಗೆಯೂ ಇಲ್ಲ.

"ಸೂಜಿಗ್ ಹೆದ್ರುಕತ್ತಾನೆ ಪಾಪ" ಅಂದ ಲಕ್ಷ್ಮಣಪ್ಪ. "ನೋಡ್ಲಾ, ಏನೂ ಆಗಾಕಿಲ್ಲ. ಇರುವೆ ಕಚ್ಚಿದಂಗೆ. ತಗಾ ತಾಯಿ, ಮೊದ್ಲು ನಂದೇ ಚುಚ್ಚು, ಅವ್ನಿಗೆ ಧೈರ್ಯ ಬರ್ಲಿ." ಅಂದು ಕಣ್ಣು ಬಿಗಿಯಾಗಿ ಮುಚ್ಚಿ ಬೆರಳು ನೀಡಿದ.

ರಮ್ಯ ಚುಚ್ಚಿದಳು. ಮಿಷನ್ನು ನೋಡಿದಳು. ಮತ್ತೆ ನೋಡಿದಳು.

"ತಾತಾ, ಮುನ್ನೂರ ಹದಿನೆಂಟು."

"ಏನು ಮುನ್ನೂರ ಹದಿನೆಂಟು?"

"ನಿಮ್ಮ ಶುಗರು."

"ಮಿಷಿನ್ ಕೆಟ್ಟೋಗೈತೆ ಬುಡು" ಅಂತ ರಾಮಕ್ಕ ಮುಂದೆ ಬಂದು, ಪರೀಕ್ಷೆಗೆಂದು ತನ್ನ ಬೆರಳು ಕೊಟ್ಟಳು. ಇನ್ನೂರ ಎಪ್ಪತ್ತು. ಮುನೀಶ ನಗುತ್ತ ಬಂದು ಬೆರಳು ಕೊಟ್ಟ, ಅಳುತ್ತ ಎದ್ದ. ಮಿಷನ್ನು ಕೆಟ್ಟಿದೆ ಅಂತ ಖಾತ್ರಿ ಮಾಡಿಕೊಳ್ಳಲು ಒಬ್ಬರಾದ ಮೇಲೆ ಒಬ್ಬರು ಬಂದರು. ಬಂದವರಲ್ಲಿ ಮುಕ್ಕಾಲು ಪಾಲು ಜನ ಹಾಗೇ ಜಗಲಿಗೆ ಒರಗಿ ಕೂತರು. ಕೊನೆಗೆ ಯಾರೋ ಬೀರೇಶನ ಕೈಯನ್ನು ಎಳೆದು ಮುಂದೆ ಹಿಡಿದರು.

"ತೊಂಬತ್ತೆಂಟು" ಅಂದಳು ರಮ್ಯ. ಅವಳ ಮುಖದಲ್ಲಿ ಆ ದಿನದ ಮೊದಲ ನಗು ಬಂತು. ಖುಷಿಗೆ ತಮಿಳೇ ಬಂದುಬಿಟ್ಟಿತು. "ಉಂಗಳುಕ್ಕು ಒಣ್ಣುಮೇ ಇಲ್ಲೆ ಅಣ್ಣಾ! ನಿಮಗೆ ಏನೂ ಇಲ್ಲ. ಕಲ್ಲು ಇದ್ದಂಗೆ ಇದ್ದೀರಿ."

ಎಲ್ಲರೂ ಬೀರೇಶನ ಕಡೆ ತಿರುಗಿದರು. ಆ ನೋಟ ನೋಡಬೇಕಿತ್ತು. ಒಂದೇ ಬಸ್ಸಿನಲ್ಲಿ ಹೊರಟು, ಬಸ್ಸು ಮಗುಚಿ ಎಲ್ಲರೂ ಬಿದ್ದಾಗ ಒಬ್ಬ ಮಾತ್ರ ಬಟ್ಟೆ ಕೂಡ ಕೊಳೆಯಾಗದೆ ಎದ್ದು ನಿಂತರೆ ನೋಡುತ್ತಾರಲ್ಲ, ಹಾಗೆ.

"ಮತ್ಯಾಕ್ಲಾ ಸುಳ್ಳೇಳ್ದೆ?" ಅಂದ ಲಕ್ಷ್ಮಣಪ್ಪ. "ಯಾಕೆ ನಡೀತಿದ್ದೆ ಬೆಳಿಗ್ಗೆ?"

ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ಮೆಂಟ್ಲು ಬೀರ ಅಂದರೆ ಅನ್ನಲಿ. ಬೀರೇಶ ಹೇಳಿಯೇಬಿಟ್ಟ. ತಲೆ ತಗ್ಗಿಸಿಕೊಂಡು, ತೊದಲುತ್ತ ಹೇಳಿದ.

"ದೊಡ್ಡಪ್ಪ, ನಂಗೆ ಮನ್ಸು ಸರಿ ಇಲ್ಲ. ಬೆಳಿಗ್ಗೆ ಕಣ್ ಬಿಟ್ರೆ ಯಾಕಾದ್ರೂ ಬೆಳಕಾಯ್ತೋ ಅನ್ನಿಸ್ತದೆ. ಮಿಷಿನ್ನಿಗೆ ಕೈ ಕೊಟ್ರೂ ಗೊತ್ತಾಗಾಕಿಲ್ಲ. ನಗಾಕ್ ಆಗಾಕಿಲ್ಲ, ಅಳಾಕೂ ಆಗಾಕಿಲ್ಲ. ಇವತ್ತು ಬಾವಿ ಹತ್ರ ನಂಗೆ ತಲೆ ಸುತ್ತು ಬಂದಿರ್ಲಿಲ್ಲ. ನೀನು ಬಂದಿದ್ದು ಒಳ್ಳೇದಾಯ್ತು."

ಇಷ್ಟು ಮಾತನ್ನು ಹೊರಗೆ ಹಾಕುವಷ್ಟರಲ್ಲಿ ಅವನ ಅಂಗಿ ಬೆವರಿಗೆ ತೊಯ್ದು ಹೋಗಿತ್ತು. ತಲೆ ಎತ್ತಿ ನೋಡಿದ. ಲಕ್ಷ್ಮಣಪ್ಪ ತನ್ನ ಚುಚ್ಚಿದ ಬೆರಳನ್ನು ನೋಡಿಕೊಳ್ಳುತ್ತಿದ್ದ. ರಾಮಕ್ಕ ತನ್ನದನ್ನು ನೋಡಿಕೊಳ್ಳುತ್ತಿದ್ದಳು.

"ಮುನ್ನೂರ ಹದಿನೆಂಟು ಕಣ್ಲಾ ನಂಗೆ!" ಅಂತ ಲಕ್ಷ್ಮಣಪ್ಪ ಸಿಡಿದ. "ಕಾಲು ಕತ್ತರುಸ್ತಾರೋ, ಕಣ್ಣೇ ಹೋಯ್ತದೋ ಗೊತ್ತಿಲ್ಲ. ನಿಂಗೆ ತೊಂಬತ್ತೆಂಟು! ಕಲ್ಲಿದ್ದಂಗೆ ಇದ್ದೀಯ ಅಂತ ಆವಮ್ಮನೇ ಹೇಳಾಯ್ತು. ಮನ್ಸಂತೆ, ಬೆಳಕಂತೆ! ಇರೋರ್ ಮುಂದೆ ಏನೂ ಇಲ್ದೋನು ಕುಂತ್ಕಂಡ್ ಅಳ್ತಾನಲ್ಲ, ನಾಚ್ಕೆ ಆಗಾಕಿಲ್ವಾ?"

"ಪುಣ್ಯವಂತ ಕಣಪ್ಪ ನೀನು" ಅಂತ ರಾಮಕ್ಕ ನಿಟ್ಟುಸಿರಿಟ್ಟಳು. ಅವಳ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಹಾಗೇ ಅನ್ನಿಸಿತ್ತು ಅವಳಿಗೆ. ಗುಂಪಿನ ಹಿಂದೆ ನಿಂತಿದ್ದ ಸೊಣ್ಣಪ್ಪ ಒಬ್ಬ ಮಾತ್ರ ಏನೋ ಹೇಳಲು ಬಾಯಿ ತೆರೆದ. ಅವನ ಮಾತನ್ನು ಊರು ಯಾವಾಗ ಕೇಳಿದೆ? ರಮ್ಯ ಆಗಲೇ ಜೋರಾಗಿ ಹೇಳತೊಡಗಿದ್ದಳು. ನಾಳೆಯೇ ಆಸ್ಪತ್ರೆಗೆ ಬರಬೇಕು, ಅಕ್ಕಿ ಕಮ್ಮಿ ಮಾಡಬೇಕು, ಬೆಳಿಗ್ಗೆ ಸಂಜೆ ತಪ್ಪದೆ ನಡೆಯಬೇಕು.

ಸಂಜೆ ಬಿಸಿಲು ಇಳಿಯುತ್ತಿದ್ದ ಹಾಗೆ ಆ ಊರಲ್ಲಿ ಹಿಂದೆಂದೂ ನಡೆಯದ್ದು ನಡೆಯಿತು. ಇಡೀ ಬೀದಿ ಬರಿಗೈಯಲ್ಲಿ ರಸ್ತೆಗೆ ಇಳಿಯಿತು. ಲಕ್ಷ್ಮಣಪ್ಪ ಮಗನ ಸ್ಪೋರ್ಟ್ಸ್ ಶೂ ಹಾಕಿಕೊಂಡು ಮುಂದೆ, ಸೆರಗು ಸಿಕ್ಕಿಸಿಕೊಂಡ ರಾಮಕ್ಕ ಹಿಂದೆ, ಮೊಪೆಡ್ಡು ಮನೆಯಲ್ಲೇ ಬಿಟ್ಟ ಮುನೀಶ ಅವಳ ಪಕ್ಕ. ಬೀರೇಶ ಚಪ್ಪಲಿ ಮೆಟ್ಟಿಕೊಂಡು ಮೆಲ್ಲಗೆ ಅವರ ಹಿಂದೆ ಹೊರಟ. ಜತೆಯಲ್ಲಾದರೂ ಸರಿ, ನಡೆದರೆ ಸಾಕು ಅನ್ನಿಸಿತ್ತು ಅವನಿಗೆ.

"ನೀನೆಲ್ಲಿಗ್ಲಾ?" ಅಂತ ಲಕ್ಷ್ಮಣಪ್ಪ ತಿರುಗಿ ನಿಂತ. "ಏನೂ ಇಲ್ದೋನು ನಡ್ದು ಏನ್ ಕಡ್ದಾಕ್ಬೇಕು? ಎಲ್ರೂ ಹೊಂಟ್ರೆ ಮನೆ ನೋಡ್ಕಳೋರ್ ಯಾರು? ಹಸುಗೆ ನೀರು ಇಡು. ಬೆಳಿಗ್ಗೇನೂ ಅಷ್ಟೆ, ನಾವು ವಾಪಸು ಬರೋಗಂಟ ಇಲ್ಲೇ ಇರು."

ಒಬ್ಬೊಬ್ಬರೇ ಮನೆ ಬೀಗದ ಕೈ ತಂದು ಅವನ ಕೈಗೆ ಹಾಕಿ ಹೋದರು. ಬೀರೇಶ ಕೀಗಳ ಗೊಂಚಲು ಹಿಡಿದು ರಾಮಕ್ಕನ ಜಗಲಿಯ ಮೇಲೆ ಕೂತ. ನಾಳೆ ಬೆಳಿಗ್ಗೆಯ ಬಿಸಿಲೂ ಹೋಯಿತು.

ಅಷ್ಟರಲ್ಲಿ ಮಾಲಾ ಬಂದಳು. ಜಗಲಿಯ ಹತ್ತಿರ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಗಂಡನ ಸಕ್ಕರೆ ಇಳಿಯಲಿ ಅಂತ ಹರಕೆ ಹೊರಲು ಮುನೇಶ್ವರನ ಗುಡಿಗೆ ಹೋಗಿದ್ದಳು, ದಾರಿಯಲ್ಲಿ ರಮ್ಯ ಸಿಕ್ಕಿ ರಿಪೋರ್ಟು ಮಾತ್ರ ಹೇಳಿದ್ದಳು. ಓಡಿ ಬಂದ ಏದುಸಿರಿನಲ್ಲೇ ಅವನ ಪಕ್ಕ ಕೂತು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೇಳ್ದೆ. ಏನೂ ಇಲ್ವಂತೆ! ನನ್ ಪ್ರಾಣ ಈಗ ಬಂತು ನೋಡಿ. ತಿಂಗ್ಳಾನುಗಟ್ಲೆ ಆಯ್ತು, ನೀವು ಸರ್ಯಾಗಿ ಉಣ್ತಿಲ್ಲ, ಮಾತಾಡ್ತಿಲ್ಲ. ಒಳಗೇನೋ ದೊಡ್ಡದು ಐತೆ ಅಂತ ನಂಗೆ ಭಯ. ಕೇಳಾಕೂ ಭಯ. ಬೆಳಿಗ್ಗೆ ಶುಗರು ಅಂದಾಗ, ಓ ಅದೇ ಇರ್ಬೇಕು ಅಂತ ಅತ್ತೆ. ಈಗ ಅದೂ ಇಲ್ಲ." ಅವಳು ಅಳುತ್ತಳುತ್ತಲೇ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ನಕ್ಕಿದ್ದಳು. "ಹೇಳಿ, ನಿಜವಾಗ್ಲೂ ಏನೂ ಇಲ್ಲ ತಾನೆ?"

ಬೀರೇಶ ಅವಳ ಮುಖ ನೋಡಿದ. ಡಾಕ್ಟರು ಹೇಳಿದ್ದ ಆ ಒಬ್ಬರು ಇವಳೇ, ಕೈ ಹಿಡಿದುಕೊಂಡು ಕೂತಿದ್ದಳು, ಕೇಳುತ್ತಿದ್ದಳು.

"ಏನೂ ಇಲ್ಲ ಕಣೆ" ಅಂದ.