ದೀಪಸ್ತಂಭದ ನಾಲ್ಕು ಭಾಗಗಳು

ನಮ್ಮ ಕಡೆಯವರು ಏನನ್ನಾದರೂ ನೋಡಬೇಕೆಂದು ಊರು ಬಿಟ್ಟು ಹೊರಟರೆ, ನೋಡಬೇಕಾದ್ದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನಡೆದುಬಿಡುತ್ತದೆ. ಎರಡು ವರ್ಷದಿಂದ ನನಗೆ ಇದೇ ಆಗುತ್ತಿತ್ತು. ಒಂದು ಸಲವಾದರೆ ಗ್ರಹಚಾರ ಎನ್ನಬಹುದು, ಮೂರು ಸಲವಾದರೆ ಅದು ಶ್ರೀನಿವಾಸಪುರ ತಾಲ್ಲೂಕಿನ ಗುಣ ಎಂದೇ ಹೇಳಬೇಕು.

ಕಿಟಕಿಯಿಂದ ಬಂದ ಪ್ರಶ್ನೆ

ನಾನು ಯಲ್ದೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜದ ಮೇಡಂ. ಬರುವ ಮೇ ತಿಂಗಳಿಗೆ ನಿವೃತ್ತಿ. ಕೆಲಸಕ್ಕೆ ಸೇರಿದ ವರ್ಷದಿಂದ ತಪ್ಪದೆ ಕರಾವಳಿಯ ಪಾಠ ಮಾಡಿದ್ದೇನೆ, ತಪ್ಪದೆ ಬೋರ್ಡಿನ ಮೇಲೆ ದೀಪಸ್ತಂಭ ಬರೆದಿದ್ದೇನೆ. ಕೆಳಗೆ ಅಗಲ, ಮೇಲೆ ಕಿರಿದು, ತಲೆಯ ಮೇಲೊಂದು ಡಬ್ಬಿ, ಡಬ್ಬಿಯಿಂದ ಎರಡೂ ಕಡೆ ಗೆರೆಗೆರೆ ಬೆಳಕು, ಬುಡದಲ್ಲಿ ಮೂರು ಅಲೆ. ಮೊದಲು ಮಾಲೂರಿನಲ್ಲಿದ್ದಾಗ ಇಡೀ ತರಗತಿ ಅದನ್ನು ಇಟ್ಟಿಗೆ ಗೂಡಿನ ಚಿಮಣಿ ಎಂದುಕೊಂಡು ಮೇಲೆ ಹೊಗೆಯನ್ನೂ ಬರೆದಿತ್ತು. ಅಷ್ಟು ಬಿಟ್ಟರೆ ನನ್ನ ಚಿತ್ರದ ಬಗ್ಗೆ ಯಾರೂ ತಕರಾರು ತೆಗೆದಿರಲಿಲ್ಲ.

ನಮ್ಮ ಒಂಬತ್ತನೇ ತರಗತಿಯ ಕಿಟಕಿ ಬಿಸಿಯೂಟದ ಅಡುಗೆ ಮನೆಯ ಕಡೆಗಿದೆ. ಅಡುಗೆಯಮ್ಮ ರಾಯಲ್ಪಾಡು ಕಡೆಯವಳು. ಮನೆಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ಸಿಲಿಂಡರು ಖಾಲಿಯಾದರೆ ಎರಡೂ. ಸಾರು ಕುದಿಯುವ ಹೊತ್ತಿಗೆ ಕಿಟಕಿಗೆ ಒರಗಿ ನನ್ನ ಪಾಠ ಕೇಳುವುದು ಆಕೆಯ ರೂಢಿ. ಆ ದಿನ ನಾನು ಬೆಳಕಿನ ಗೆರೆಗಳನ್ನು ಎಳೆಯುತ್ತಿದ್ದಾಗ ಸೌಟು ಹಿಡಿದುಕೊಂಡೇ ಕೇಳಿದಳು.

"ಮೇಡಂ, ಆ ಕಂಬ ನೀವು ಹತ್ತಿದೀರಾ?"

ಇಲ್ಲ ಎಂದೆ. ಹೋಗಲಿ, ಕಣ್ಣಾರೆ ನೋಡಿದ್ದೀರಾ ಎಂದಳು. ಅದೂ ಇಲ್ಲ ಎಂದೆ. ಆಕೆಗೆ ನನ್ನ ಮೇಲೆ ಕನಿಕರ ಬಂತು.

"ಪರ್ವಾಗಿಲ್ಲ ಬಿಡಿ ಮೇಡಂ. ನಾನೂ ಉಪ್ಪು ನೋಡ್ದೇನೇ ಸಾರು ಮಾಡ್ತೀನಲ್ವಾ."

ನಿವೃತ್ತಿಯಾಗುವುದರೊಳಗೆ ಒಂದು ದೀಪಸ್ತಂಭವನ್ನಾದರೂ ಹತ್ತಿಯೇ ತೀರುತ್ತೇನೆ ಎಂದು ಅವತ್ತೇ ಹಟ ಹಿಡಿದೆ. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಹಟವೇ ಎಂದು ನೀವು ಕೇಳಬಹುದು. ನೀವು ನಮ್ಮ ಶಾಲೆಯ ಸಾರು ತಿಂದಿಲ್ಲ.

ಆವಣಿ ಬೆಟ್ಟದ ತರಬೇತಿ

ನನಗೆ ಮಂಡಿ ನೋವು. ಡಾಕ್ಟರನ್ನು ಕೇಳಿದೆ, ಮೆಟ್ಟಿಲು ಹತ್ತಲೇಬೇಡಿ ಎಂದರು. ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ, ನಿಧಾನವಾಗಿ ಹತ್ತಿ ಎಂದರು. ಎರಡನೆಯವರೇ ಚೆನ್ನಾಗಿ ಓದಿಕೊಂಡವರು ಎಂದು ನನಗೆ ಅನ್ನಿಸಿತು.

ಅಭ್ಯಾಸಕ್ಕೆಂದು ಭಾನುವಾರ ಭಾನುವಾರ ಮುಳಬಾಗಿಲು ಕಡೆಯ ಆವಣಿ ಬೆಟ್ಟ ಹತ್ತತೊಡಗಿದೆ. ಮೇಲೆ ನಿಂತರೆ ಕೆರೆ, ಬಂಡೆ, ಟೊಮೇಟೊ ತೋಟಗಳೆಲ್ಲ ಕಾಣುತ್ತವೆ. ನಾನು ಮರೆತದ್ದು ಒಂದೇ. ಆ ಬೆಟ್ಟದ ಮೇಲಿರುವುದು ಸೀತಮ್ಮನ ಗುಡಿ, ಅಲ್ಲಿಗೆ ಹೆಂಗಸರು ಹತ್ತುವುದು ಹೆಚ್ಚಾಗಿ ಮಕ್ಕಳಾಗಲಿ ಎಂಬ ಹರಕೆಗೆ.

ಮೊದಲನೇ ವಾರ ಬುಡದಲ್ಲಿ ಹೂ ಮಾರುವ ಅಜ್ಜಿ ನನ್ನನ್ನು ಸುಮ್ಮನೆ ನೋಡಿದಳು. ಎರಡನೇ ವಾರ ನನ್ನ ಬಿಳಿ ಕೂದಲು ನೋಡಿದಳು. ಮೂರನೇ ವಾರ ಪಕ್ಕಕ್ಕೆ ಕರೆದು, ಹರಕೆ ಯಾರಿಗಮ್ಮ, ಮಗಳಿಗಾ ಸೊಸೆಗಾ ಎಂದು ಕೇಳಿದಳು. ಏದುಸಿರಿನಲ್ಲಿದ್ದ ನಾನು, ಅವರಿಗಲ್ಲ, ಇದು ನನ್ನದೇ ಆಸೆ, ನಿವೃತ್ತಿಯಾಗುವುದರೊಳಗೆ ಆಗಬೇಕು ಎಂದುಬಿಟ್ಟೆ. ಅಜ್ಜಿ ಒಂದು ಮೊಳ ಮಲ್ಲಿಗೆಯನ್ನು ಪುಕ್ಕಟೆ ಕೊಟ್ಟು, ನಂಬಿಕೆ ಬಿಡಬೇಡ ತಾಯಿ ಎಂದಳು.

ನಾಲ್ಕನೇ ವಾರದ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿತ್ತು. ನಮ್ಮ ಯಜಮಾನರು ಶ್ರೀನಿವಾಸಪುರದ ಬಸ್ ಸ್ಟಾಂಡಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಪರಿಚಯದವರೊಬ್ಬರು ಬಂದು ಅವರ ಎರಡೂ ಕೈ ಹಿಡಿದುಕೊಂಡು, "ಈ ವಯಸ್ಸಲ್ಲಿ ನಿಮ್ಮ ಧೈರ್ಯ ಮೆಚ್ಚಬೇಕು ಸಾರ್" ಎಂದರಂತೆ.

ಆಳದ ಲೆಕ್ಕ

ಮಂಡಿ ಸ್ವಲ್ಪ ಪಳಗಿದ ಮೇಲೆ, ಶಾಲೆಯವರೆಲ್ಲ ಸೇರಿ ದೀಪಸ್ತಂಭ ನೋಡಿಬರೋಣ ಎಂದು ಹೆಡ್‌ಮಾಸ್ಟರಿಗೆ ಹೇಳಿದೆ. ಅವರಿಗೆ ಕಡಲು ದೂರವಾಯಿತು. ನಿಮಗೆ ಬೇಕಾದ್ದು ಪಾಠದಲ್ಲಿರೋದನ್ನ ನೋಡೋದು ತಾನೇ, ಕಂದರವೂ ಪಾಠದಲ್ಲಿದೆ, ಅದು ಹತ್ತಿರ ಎಂದರು. ಹೀಗೆ ಒಂದು ಟೆಂಪೋದಲ್ಲಿ ಎಲ್ಲರೂ ಕಡಪ ಕಡೆಗೆ ಹೊರಟೆವು. ಮಧ್ಯಾಹ್ನದ ಮುದ್ದೆಗೆ ಏನು ಗತಿ ಎಂದು ಅಡುಗೆಯಮ್ಮನನ್ನೂ ಹತ್ತಿಸಿಕೊಂಡೆವು.

ಅಲ್ಲೊಂದು ಹಳೆಯ ಕೋಟೆ, ಅದರ ಹಿಂದೆ ಬಂಡೆಗಳ ಅಂಚು. ಅಲ್ಲಿಂದ ಕೆಳಕ್ಕೆ ಭೂಮಿಯೇ ಸೀಳಿಕೊಂಡಿದೆ, ತಳದಲ್ಲಿ ಹೊಳೆ. ನಾನು ಅಂಚಿಗೆ ಹೋದಾಗ ಕಾಲು ಗಡಗಡ ನಡುಗಿತು. ಏನು ಗಾಳಿಯಪ್ಪ ಎಂದೆ. ಪಕ್ಕದಲ್ಲಿದ್ದ ಅಡುಗೆಯಮ್ಮ, ಗಾಳಿ ಎಲ್ಲಿದೆ ಮೇಡಂ ಎಂದಳು. ಆ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಗೈಡು ತುಂಬ ಹೆಮ್ಮೆಯಿಂದ, ಇಲ್ಲಿಂದ ತಳಕ್ಕೆ ಮುನ್ನೂರು ಅಡಿ ಎಂದು ತೆಲುಗಿನಲ್ಲಿ ಹೇಳಿದ. ಬೇರೆ ಊರಿನವರು ಹಾ ಎಂದು ಬಾಯಿ ಬಿಡುವ ಜಾಗ ಅದು. ನಮ್ಮವರು ಬಿಡಲಿಲ್ಲ. ಮುನ್ನೂರೇನಾ ಎಂದು ಕನ್ನಡದ ಮೇಷ್ಟ್ರು ಕೇಳಿದರು. ನಮ್ಮ ಭಾವನ ತೋಟದ ಬೋರು ಒಂಬೈನೂರು ಎಂದರು ಪಿ.ಟಿ. ಮೇಷ್ಟ್ರು. ಹೆಡ್‌ಮಾಸ್ಟರು ಎಲ್ಲರೂ ಮುಗಿಸುವವರೆಗೆ ಕಾದು, ತಮ್ಮದು ಸಾವಿರದ ನಾನೂರು ಎಂದು ಮೆಲ್ಲಗೆ ಹೇಳಿ ಕನ್ನಡಕ ಒರೆಸಿಕೊಂಡರು.

ಗೈಡು ಪೆಚ್ಚಾದ. ಸ್ವಲ್ಪ ಹೊತ್ತು ಕಂದರವನ್ನೇ ನೋಡಿದ. ಆಮೇಲೆ ವಿನಯದಿಂದ ಒಂದೇ ಒಂದು ಪ್ರಶ್ನೆ ಕೇಳಿದ, ಅಷ್ಟು ಆಳದಲ್ಲಿ ನೀರು ಬಂತಾ ಸಾರ್ ಎಂದು.

ಹೊತ್ತಾಯಿತು, ಹೊರಡೋಣ ಎಂದು ಹೆಡ್‌ಮಾಸ್ಟರು ಎಲ್ಲರಿಗಿಂತ ಮೊದಲು ಟೆಂಪೋ ಹತ್ತಿದರು.

ಮಾವಿನ ಪೆಟ್ಟಿಗೆ

ಬೇಸಿಗೆ ರಜೆ ಬಂತು. ಈ ಸಲ ಯಾರನ್ನೂ ಕೇಳುವುದಿಲ್ಲ ಎಂದು ಯಜಮಾನರೊಬ್ಬರನ್ನೇ ಕರೆದುಕೊಂಡು ಮಾಲೂರಿನಲ್ಲಿ ರೈಲು ಹತ್ತಿ ಪೂರ್ವದ ಕಡಲಿಗೆ ಹೋದೆ. ಶ್ರೀನಿವಾಸಪುರದವರು ಬೇಸಿಗೆಯಲ್ಲಿ ಊರು ಬಿಟ್ಟರೆ ಕೈಯಲ್ಲಿ ಮಾವಿನ ಪೆಟ್ಟಿಗೆ ಇರಲೇಬೇಕು. ಇಲ್ಲದಿದ್ದರೆ ಮನೆಯಲ್ಲಿ ಸೂತಕವೇ ಎಂದು ಕೇಳುತ್ತಾರೆ. ಅಲ್ಲಿರುವ ನೆಂಟರಿಗೆಂದು ಯಜಮಾನರೂ ಒಂದು ಪೆಟ್ಟಿಗೆ ಬಾದಾಮಿ ಮಾವು ಹೊತ್ತಿದ್ದರು.

ಕೊನೆಗೂ ನನ್ನ ಕಣ್ಣೆದುರಿಗೆ ಒಂದು ದೀಪಸ್ತಂಭ ನಿಂತಿತ್ತು. ಐದು ಗಂಟೆಗೆ ಮುಚ್ಚುತ್ತಾರೆ, ಇನ್ನೂ ನಾಲ್ಕೂಕಾಲು. ಸಾಮಾನು ಮೇಲೆ ಒಯ್ಯುವಂತಿಲ್ಲ ಎಂದು ಗೇಟಿನವರು ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. ಒಳಗೇನಿದೆ ಎಂದು ಕೇಳಿದರು. ಆ ಪ್ರಶ್ನೆಯನ್ನು ಅವರು ಕೇಳಬಾರದಿತ್ತು.

ಯಜಮಾನರು ಪೆಟ್ಟಿಗೆ ಬಿಚ್ಚಿದರು. ಹುಲ್ಲು ಸರಿಸಿ ಒಂದು ಹಣ್ಣು ತೆಗೆದು ಅವರ ಮೂಗಿನ ಹತ್ತಿರ ಹಿಡಿದರು. ಪುಡಿ ಹಾಕಿ ಹಣ್ಣು ಮಾಡಿದ್ದು ಹೇಗಿರುತ್ತದೆ, ಹುಲ್ಲಿನಲ್ಲಿ ಹಣ್ಣಾಗಿದ್ದು ಹೇಗಿರುತ್ತದೆ, ತೊಟ್ಟಿನ ಹತ್ತಿರ ಏಕೆ ಮೂಸಬೇಕು ಎಂದು ವಿವರಿಸಿದರು. ವಿವರಣೆ ಅರ್ಥವಾಗಲೆಂದು ಒಂದು ಹಣ್ಣು ಕೊಯ್ದರು. ಹೋಲಿಸಿ ನೋಡಲೆಂದು ಇನ್ನೊಂದು ಕೊಯ್ದರು. ವಾಸನೆಗೆ ಟಿಕೆಟ್ಟಿನವರು ಗೂಡಿನಿಂದ ಎದ್ದು ಬಂದರು. ಮೇಲಿದ್ದವರೂ ಇಳಿದು ಬಂದರು. ಟಿಕೆಟ್ ಕೊಡಿ ಎಂದು ನಾನು ಕೇಳಿದರೆ ಅವರು ರಸ ಸುರಿಯುವ ಎರಡೂ ಕೈ ತೋರಿಸಿದರು.

ಟಿಕೆಟ್ಟಿನವರು ಸಾವಕಾಶವಾಗಿ ಕೈ ತೊಳೆದು ಬಂದಾಗ ಐದು ಹೊಡೆದಿತ್ತು. ಬೀಗ ಹಾಕಿದರು. ನನಗೆ ಅಳು ಬರುವುದೊಂದು ಬಾಕಿ. ಗೇಟಿನವರು ಕೊನೆಯ ವಾಟೆ ಚೀಪುತ್ತ ನನಗೆ ಸಮಾಧಾನ ಹೇಳಿದರು: ಬೇಜಾರು ಮಾಡಿಕೊಳ್ಳಬೇಡಿ ಅಮ್ಮ, ಮುಂದಿನ ಸೀಸನ್‌ಗೆ ಖಂಡಿತ ಬನ್ನಿ.

ಹತ್ತಿದೆ

ಮುಂದಿನ ಸೀಸನ್ ಹೊತ್ತಿಗೆ ನಾನು ಮೇಡಮ್ಮೇ ಆಗಿರುವುದಿಲ್ಲ. ಉಳಿದದ್ದು ದಸರಾ ರಜೆ ಒಂದೇ. ಯಜಮಾನರನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ. ಮಾವಿಲ್ಲದ ತಿಂಗಳು, ಆದರೂ ನಂಬಿಕೆ ಇರಲಿಲ್ಲ. ಪ್ರಶ್ನೆ ಕೇಳಿದವಳೇ ಸಾಕ್ಷಿಯಾಗಲಿ ಎಂದು ಅಡುಗೆಯಮ್ಮನನ್ನು ಕರೆದುಕೊಂಡು ಪಡುವಣ ಕಡಲಿಗೆ ಹೋದೆ.

ಬಂಡೆಯ ಮೇಲೆ ನಿಂತ ಹಳೆಯ ದೀಪಸ್ತಂಭ. ಒಳಗೆ ಸುರುಳಿ ಮೆಟ್ಟಿಲು. ಅಡುಗೆಯಮ್ಮ ಬುಡದಲ್ಲಿ ಒಂದು ಚಿಟಿಕೆ ಕುಂಕುಮ ಇಟ್ಟು ಕೈಮುಗಿದಳು. ಆವಣಿ ಬೆಟ್ಟದ ತರಬೇತಿ ಕೆಲಸಕ್ಕೆ ಬಂತು. ಅಲ್ಲಲ್ಲಿ ನಿಂತು, ಮಂಡಿ ಒತ್ತಿಕೊಂಡು, ಹತ್ತಿದೆ.

ಮೇಲೆ ಬಂದು ನಿಂತಾಗ ಮೂರು ಕಡೆಯೂ ಕಡಲು. ತಲೆಯ ಮೇಲೆ ದೊಡ್ಡ ಗಾಜಿನ ದೀಪ. ಬುಡದಲ್ಲಿ ಅಲೆಗಳು, ಮೂರಲ್ಲ, ಲೆಕ್ಕವೇ ಇಲ್ಲ. ನಾನು ಅತ್ತೆ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದೆಲ್ಲ ನಿಜವಾಗಿತ್ತಲ್ಲ ಎಂದು ತುಂಬ ಸಂತೋಷವಾಯಿತು. ಅಡುಗೆಯಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿ, ನಿಮ್ಮ ಚಿತ್ರ ಸರಿಯಾಗೇ ಇತ್ತು ಮೇಡಂ ಎಂದಳು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಕೆಳಗೆ ನೋಡಿದೆ.

ಅವತ್ತು ಕಂದರದಲ್ಲಿ ಬೀಸಿದ್ದು ಗಾಳಿಯಲ್ಲ ಎಂದು ಆಗ ಗೊತ್ತಾಯಿತು. ಕಾಲು ಕಿತ್ತಿಡಲಾಗಲಿಲ್ಲ. ಎರಡೂ ಕೈಯಲ್ಲಿ ಕಂಬಿ ತಬ್ಬಿಕೊಂಡು ಕುಳಿತುಬಿಟ್ಟೆ. ಸಿಬ್ಬಂದಿ ಬಂದು, ಟೈಮ್ ಆಯ್ತು ಮಾರಾಯ್ರೆ, ಇಳಿಯಿರಿ ಎಂದರು. ನಾನು ಇಳಿಯುವುದಿಲ್ಲ ಎಂದೆ. ಹಟದಿಂದ ಹತ್ತಿದವಳಿಗೆ ಇಳಿಯುವ ವಿಷಯ ತಲೆಗೇ ಬಂದಿರಲಿಲ್ಲ. ನನ್ನ ಹಿಂದೆ ಇಪ್ಪತ್ತು ಜನ ಇಳಿಯಲು ಕಾಯುತ್ತ ನಿಂತರು.

"ಕಿಂದಕಿ ಚೂಡೊದ್ದು ಮೇಡಂ, ಕೆಳಗೆ ನೋಡ್ಬೇಡಿ," ಎಂದಳು ಅಡುಗೆಯಮ್ಮ. ಗಾಬರಿಗೆ ಆಕೆಯ ಬಾಯಿಂದ ತೆಲುಗೇ ಮೊದಲು ಬಂತು. "ಮಾವಿನ ಮರ ಇಳಿಯೋ ಹಂಗೆ ಇಳೀರಿ. ಮೊಕ ಮರಕ್ಕೆ, ಬೆನ್ನು ಊರಿಗೆ. ಭಯ ಆದ್ರೆ ಪಾಠ ಹೇಳ್ತಾ ಇರಿ. ಪಾಠ ಹೇಳೋವಾಗ ನಿಮಗೆ ಲೋಕ ಕಾಣಲ್ಲ."

ಹಾಗೇ ಮಾಡಿದೆ. ಮೆಟ್ಟಿಲಿಗೆ ಮುಖ ಮಾಡಿ, ಕೈಯನ್ನೂ ಊರಿಕೊಂಡು, ಹಿಂದೆ ಹಿಂದಕ್ಕೆ ಇಳಿಯತೊಡಗಿದೆ. ಆಕೆ ಕೆಳಗಿನಿಂದ ನನ್ನ ಹಿಮ್ಮಡಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಟ್ಟಳು. ನನ್ನ ಮೇಲಿನ ಮೆಟ್ಟಿಲುಗಳಲ್ಲಿ ಆ ಇಪ್ಪತ್ತು ಜನ ನನಗೆ ಮುಖಾಮುಖಿಯಾಗಿ ಸಾಲಾಗಿ ನಿಂತಿದ್ದರು. ಅದಕ್ಕಿಂತ ಒಳ್ಳೆಯ ತರಗತಿ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ತಪ್ಪಿಸಿಕೊಂಡು ಹೋಗಲು ಯಾರಿಗೂ ದಾರಿ ಇರಲಿಲ್ಲ. ಮೆಟ್ಟಿಲಿಗೊಂದು ವಾಕ್ಯದಂತೆ ಪಶ್ಚಿಮ ಕರಾವಳಿ ಮುಗಿಸಿದೆ, ಬಂದರುಗಳನ್ನು ಮುಗಿಸಿದೆ, ನಡುನಡುವೆ ಪ್ರಶ್ನೆ ಕೇಳಿದೆ. ಹೊಸದಾಗಿ ಮದುವೆಯಾದವನೊಬ್ಬ ಉತ್ತರ ಹೇಳಲಾಗದೆ ಹೆಂಡತಿಯ ಮುಖ ನೋಡಿದ.

ನೆಲ ಮುಟ್ಟಿದಾಗ ಇನ್ನೂ ಪೂರ್ವ ಕರಾವಳಿ ಬಾಕಿಯಿತ್ತು. ಎಲ್ಲರೂ ಬೇಗ ಬೇಗ ಹೊರಟುಹೋದರು.

ಕಿರುಪರೀಕ್ಷೆ

ಇಳಿದ ಕಥೆ ಶಾಲೆಯಲ್ಲಿ ಬಾಯಿ ಬಿಡಬೇಡ ಎಂದು ಅಡುಗೆಯಮ್ಮನಿಗೆ ದಾರಿಯುದ್ದಕ್ಕೂ ಹೇಳಿದೆ. ನಾನ್ಯಾಕೆ ಹೇಳ್ಲಿ ಮೇಡಂ ಎಂದಳು. ರಜೆ ಮುಗಿಯಿತು. ತರಗತಿಯಲ್ಲಿ ತಲೆಯೆತ್ತಿ, ಮಕ್ಕಳೇ, ನಾನು ದೀಪಸ್ತಂಭ ಹತ್ತಿದೆ ಎಂದೆ. ಚಪ್ಪಾಳೆ ಬಿತ್ತು. ಇಳಿದದ್ದರ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ. ನಾನು ಪಾಠ ಹೇಳದ ಹೊತ್ತಿನಲ್ಲೂ ಆ ಕಿಟಕಿ ತೆರೆದೇ ಇರುತ್ತದೆ ಎಂಬುದು ಮರೆತುಹೋಗಿತ್ತು.

ತಿಂಗಳು ಬಿಟ್ಟು ಕಿರುಪರೀಕ್ಷೆಯಲ್ಲಿ ನಾಲ್ಕು ಅಂಕದ ಪ್ರಶ್ನೆ ಕೊಟ್ಟೆ: ದೀಪಸ್ತಂಭದ ಚಿತ್ರ ಬರೆದು ಅದರ ನಾಲ್ಕು ಭಾಗಗಳನ್ನು ಗುರುತಿಸಿ. ನನ್ನ ಸೇವೆಯಲ್ಲೇ ಅತಿ ಹೆಮ್ಮೆಯಿಂದ ಕೇಳಿದ ಪ್ರಶ್ನೆ ಅದು. ಪೇಪರುಗಳನ್ನು ಮನೆಗೆ ತಂದು, ಕಾಫಿ ಮಾಡಿಕೊಂಡು, ಕೆಂಪು ಪೆನ್ನು ಹಿಡಿದು ಕುಳಿತೆ.

ಮೊದಲ ಉತ್ತರ ಪತ್ರಿಕೆಯಲ್ಲಿ ಚಿತ್ರ ಬಹಳ ಚೆನ್ನಾಗಿತ್ತು. ಬಾಣದ ಗುರುತು ಹಾಕಿ ನೀಟಾಗಿ ಹೆಸರು ಬರೆದಿತ್ತು ಮಗು. ಒಂದು, ದೀಪ. ಎರಡು, ಗಾಜಿನ ಕೋಣೆ. ಮೂರು, ಸುರುಳಿ ಮೆಟ್ಟಿಲು. ನಾಲ್ಕು, ಮೇಡಂ.

ಸೀರೆಯ ನೆರಿಗೆ ಸಮೇತ ಬರೆದಿತ್ತು. ಮುಖ ಮೆಟ್ಟಿಲಿಗಿತ್ತು, ಬೆನ್ನು ಊರಿಗಿತ್ತು.

ಎರಡನೆಯದನ್ನು ತೆಗೆದೆ, ಅದರಲ್ಲೂ ನಾನಿದ್ದೆ. ಮೂರನೆಯದರಲ್ಲಿ ನನ್ನ ಹಿಮ್ಮಡಿ ಹಿಡಿದ ಅಡುಗೆಯಮ್ಮನೂ ಇದ್ದಳು, ಕೈಯಲ್ಲಿ ಸೌಟು ಬೇರೆ. ಕೊನೆಯವರೆಗೆ ತಿರುವಿ ಹಾಕಿದೆ. ಇಡೀ ಒಂಬತ್ತನೇ ತರಗತಿ ಒಮ್ಮತದಿಂದ ನನ್ನನ್ನು ಅಲ್ಲೇ ನಿಲ್ಲಿಸಿತ್ತು.

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಎಲ್ಲರಿಗೂ ನಾಲ್ಕಕ್ಕೆ ನಾಲ್ಕು ಕೊಟ್ಟೆ.