ಕಂಬವಿಲ್ಲದ ಟಿ.ವಿ.

ಕೊಲ್ಲಾಪುರಮ್ಮನ ಮನೆಗೆ ಟಿ.ವಿ. ಬಂದ ಮೇಲೆ, ಟೈಪಿಂಗ್ ಮೇಷ್ಟ್ರು ಮರುಳಸಿದ್ದಯ್ಯನವರ ಮನೆಯ ಭಾನುವಾರದ ಸಾರಿಗೆ ಉಪ್ಪು ಬೀಳುವುದೇ ನಿಂತುಹೋಯಿತು. ಬಿದ್ದರೆ ಎರಡು ಸಲ ಬೀಳುತ್ತಿತ್ತು. ಅವರ ಹೆಂಡತಿ ಶಿವರುದ್ರಮ್ಮನ ಕೈ ಒಲೆಯ ಮುಂದಿದ್ದರೂ ಜೀವ ಮಾತ್ರ ನಾಲ್ಕು ಮನೆ ಆಚೆಗಿರುತ್ತಿತ್ತು.

ಆಗ ಎಂಬತ್ತೇಳನೇ ಇಸವಿ. ಶಿರಾದ ಆ ಬೀದಿಗೆಲ್ಲ ಇದ್ದದ್ದು ಒಂದೇ ಟಿ.ವಿ. ಅದು ಕಡಲೆಕಾಯಿ ಮಂಡಿಯ ದೊಡ್ಡರಂಗಪ್ಪನವರದು. ಅದರ ಆಂಟೆನಾ ಕಂಬ ಎಷ್ಟು ಎತ್ತರವೆಂದರೆ, ಸಿದ್ದರಬೆಟ್ಟ ಹತ್ತಿದವರಿಗೆ ಅಲ್ಲಿಂದಲೇ ಕಾಣುತ್ತಿತ್ತಂತೆ (ಹತ್ತಿದವರು ಹೇಳಿದ್ದು). ಸೆಟ್ಟಿಗೆ ಮರದ ಬಾಗಿಲು, ಬಾಗಿಲಿಗೆ ಬೀಗ, ಬೀಗದಕೈ ದೊಡ್ಡರಂಗಪ್ಪನವರ ಹೆಂಡತಿ ಕೊಲ್ಲಾಪುರಮ್ಮನ ಸೆರಗಿನ ತುದಿಯಲ್ಲಿ. ಭಾನುವಾರ ಬೆಳಿಗ್ಗೆ ಆಕೆ ತಲೆಗೆ ನೀರು ಹಾಕಿಕೊಂಡು ಬಂದು ಆ ಬಾಗಿಲು ತೆರೆದರೆ, ಕೂತವರಲ್ಲಿ ಅರ್ಧ ಜನ ತಮಗರಿವಿಲ್ಲದೆ ಕೈಮುಗಿಯುತ್ತಿದ್ದರು. ಧಾರಾವಾಹಿಯ ಹಿಂದಿ ಒಬ್ಬರಿಗೂ ಬರುತ್ತಿರಲಿಲ್ಲ. ಒಳಗಿನವರು ಅತ್ತಾಗ ಹೊರಗಿನವರೂ ಅಳುವುದು, ಅಷ್ಟೇ ವ್ಯವಹಾರ.

ಒಂದು ಭಾನುವಾರ, ಒಳಗಿನವರು ಇನ್ನೇನು ಅಳಬೇಕು ಅನ್ನುವಾಗ, ಕೊಲ್ಲಾಪುರಮ್ಮ ಮೂವತ್ತು ಜನರೆದುರು ಹೇಳಿಬಿಟ್ಟಳು. “ಶಿವರುದ್ರಮ್ಮ, ಒಸಿ ಹಿಂದ್ಕೆ ಸರ್ಕೊ. ನಿನ್ ತುರುಬು ಅಡ್ಡ ಬತ್ತದೆ, ನಮ್ಮೋರ್ಗೆ ಕಾಣಾಕಿಲ್ಲ.”

ಶಿವರುದ್ರಮ್ಮ ಸರಿಯಲಿಲ್ಲ, ಎದ್ದು ಬಂದಳು. ಬಂದವಳೇ ಮೇಷ್ಟ್ರ ಮುಂದೆ ಶಪಥಗೈದಳು. “ನಮ್ಮನೇಗೆ ಟಿ.ವಿ. ಬರೋಗಂಟ ನಾನು ಅವಳ ಮನೆ ಮುಂದೆ ಕಾಲಿಡಾಕಿಲ್ಲ.” ಬೀದಿಯ ನಲ್ಲಿ ಇದ್ದದ್ದು ಕೊಲ್ಲಾಪುರಮ್ಮನ ಮನೆ ಮುಂದೆಯೇ. ಹೀಗಾಗಿ ಶಪಥ ಶಿವರುದ್ರಮ್ಮನದಾಯಿತು, ಕೊಡ ಮೇಷ್ಟ್ರದಾಯಿತು.

ಮೇಷ್ಟ್ರ ಕನಸೇ ಬೇರೆ ಇತ್ತು. ಮನೆಯ ಮುಂದಿನ ಕೋಣೆಯಲ್ಲಿ ಅವರ ಆರು ಟೈಪ್‌ರೈಟರುಗಳು ಬೆಳಗಿನ ಆರರಿಂದ ಕುಟ್ಟಿಸಿಕೊಳ್ಳುತ್ತಿದ್ದವು. ಆ ಸದ್ದಿಗೆ ಗೋಡೆಯ ಹಲ್ಲಿಗಳು ಕೂಡ ಲೊಚಗುಟ್ಟುವುದನ್ನು ಬಿಟ್ಟು ಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದವು. ಇಪ್ಪತ್ತು ವರ್ಷ ಅದನ್ನು ಕೇಳಿದ ಮೇಷ್ಟ್ರಿಗೆ, ಸದ್ದೇ ಮಾಡದ ಕಂಪ್ಯೂಟರಿನ ಮೇಲೆ ಪ್ರೇಮಾಂಕುರವಾಗಿತ್ತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿಗೆ ಮೊದಲ ಕಂಪ್ಯೂಟರ್ ಮೇಷ್ಟ್ರು ತಾವಾಗಬೇಕು. ಬೆಂಗಳೂರಿನಿಂದ ಒಂದು ಹಳೆಯ ಕಂಪ್ಯೂಟರನ್ನು ತಂದೂ ಇಟ್ಟಿದ್ದರು. ನೋಡಲು ಅದು ತಲೆ ಬೋಳಿಸಿಕೊಂಡ ಟೈಪ್‌ರೈಟರಿನಂತಿತ್ತು, ಬರೀ ಕೀಲಿಮಣೆ. ಅಂಗಡಿಯವನು ಹೇಳಿದ್ದ: “ಇದಕ್ಕೊಂದು ಮುಖ ಬೇಕು ಸಾರ್. ಮಾನಿಟರ್ ಆದ್ರೂ ಆಗುತ್ತೆ, ಟಿ.ವಿ. ಆದ್ರೂ ಆಗುತ್ತೆ.”

ಈ ಮಾತನ್ನು ಪೂರ್ತಿಯಾಗಿ ಹೆಂಡತಿಗೆ ಹೇಳಿದ್ದೇ ಮೇಷ್ಟ್ರು ಮಾಡಿದ ತಪ್ಪು.

“ಅಂಗಡಿಯೋನೇ ಹೇಳವ್ನಲ್ಲ, ಟಿ.ವಿ. ಆಯ್ತದೆ ಅಂತ,” ಎಂದಳು ಶಿವರುದ್ರಮ್ಮ.

“ಅಕ್ಷರ ಮಸುಕಾಗ್ತದೆ ಕಣೇ. ಕಂಪ್ಯೂಟರಿಗೆ ಮಾನಿಟರೇ ಸರಿ.”

“ನಿಮ್ಮ ಅಕ್ಷರ ಮಸುಕಾದ್ರೆ ಕನ್ನಡಕ ಹಾಕ್ಕಳಿ. ನನ್ನ ಮಾನ ಮಸುಕಾಗಿ ಕುಂತದೆ, ಅದಕ್ಕೇನು ಹಾಕ್ಕಳ್ಳಿ?”

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಟಿ.ವಿ. ತಂದರೆ ಬೀದಿಗೆ ಬೀದಿಯೇ ಮನೆಯೊಳಗೆ ಬಂದು ಕೂರುತ್ತದೆ, ಗಾಳಿ ಬೀಸಿದಾಗಲೆಲ್ಲ ತಾವು ಮಾಳಿಗೆ ಹತ್ತಿ ಕಂಬ ತಿರುಗಿಸಬೇಕು. ಮಾನಿಟರಾದರೆ ಕಂಬವೂ ಬೇಡ, ನೋಡಲು ನರಪಿಳ್ಳೆಯೂ ಬರುವುದಿಲ್ಲ. ಹೀಗೆ ದೂರಾಲೋಚನೆ ಮಾಡಿ ಅವರು ಬೆಂಗಳೂರಿಗೆ ಹೋಗಿ ಮಾನಿಟರನ್ನೇ ಕೊಂಡು, ಜಮಖಾನದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೊರಟರು. ತುಮಕೂರು ದಾಟುವಷ್ಟರಲ್ಲಿ ಬಸ್ಸಿಗೆ ಬಸ್ಸೇ ಅದನ್ನು ಟಿ.ವಿ. ಎಂದು ತೀರ್ಮಾನಿಸಿತ್ತು. ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಹರಿದ. ಸುದ್ದಿ ಬಸ್ಸಿಗಿಂತ ಜೋರಾಗಿ ಓಡಿರಬೇಕು. ಮೇಷ್ಟ್ರು ಮನೆ ಮುಟ್ಟುವಾಗ ಶಿವರುದ್ರಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊಸ ರೇಷ್ಮೆ ಸೀರೆ, ಮೊದಲಿಗಿಂತ ದೊಡ್ಡ ತುರುಬು. ಗಾಜಿನ ಮೇಲೆ ಕುಂಕುಮ ಇಟ್ಟು, ನೆಟಿಗೆ ಮುರಿದು, ಕೇಳಿದಳು. “ರೀ, ಕಂಬ ಎಲ್ಲಿ?”

ಮದುವೆಯಾದ ಹದಿನೆಂಟು ವರ್ಷದಲ್ಲಿ ಆ ಮುಖದಲ್ಲಿ ಅಷ್ಟು ಬೆಳಕನ್ನು ಮೇಷ್ಟ್ರು ಕಂಡಿರಲಿಲ್ಲ. “ಇದು ಹೊಸ ಮಾದರಿ. ಕಂಬ ಬೇಡ,” ಎಂದರು.

ಭಾನುವಾರ ಒಂಬತ್ತಕ್ಕೆ ಮನೆ ತುಂಬಿತು. ತಾವರೆಕೆರೆಯಿಂದ ಬೆಣ್ಣೆ ಮಾರಲು ಬಂದ ಕರಿಯಕ್ಕ ಗಡಿಗೆಯ ಸಮೇತ ಕೂತಳು. ಎದುರು ಮನೆಯ ಲಕ್ಕಮ್ಮ ಮಕ್ಕಳ ಸಮೇತ ಬಂದಳು. ಕಡೆಗೆ, ಕರೆಯದೇ ಇದ್ದರೂ, ಕೊಲ್ಲಾಪುರಮ್ಮನೇ ಬಂದಳು. ಶಿವರುದ್ರಮ್ಮ ಮೇಷ್ಟ್ರ ಕಡೆ ನೋಡಿದಳು. ಇವತ್ತು ಮಾನ ಉಳಿಸಿ ಎಂಬ ನೋಟ ಅದು.

ಮೇಷ್ಟ್ರು ಸ್ವಿಚ್ ಹಾಕಿದರು. ಕರಿಯ ಪರದೆ ಬಂತು. ಮೂಲೆಯಲ್ಲೊಂದು ಹಸಿರು ಚುಕ್ಕೆ ಹೊತ್ತಿ ಆರಿತು, ಹೊತ್ತಿ ಆರಿತು. ಜನ ಅರ್ಧ ಗಂಟೆ ಅದನ್ನೇ ಭಕ್ತಿಯಿಂದ ನೋಡಿದರು. ಆಗ ಕರಿಯಕ್ಕ ಕೇಳಿದಳು.

“ಸ್ವಾಮಿ, ಅದ್ಯಾಕೆ ಅಂಗೆ ಕಣ್ಣು ಹೊಡೀತದೆ?”

ಕೊಲ್ಲಾಪುರಮ್ಮನ ತುಟಿ ಕೊಂಕಿತು. “ಕಂಬ ಇಲ್ದಿದ್ಮೇಲೆ ಇನ್ನೇನ್ ಬಂದಾತು ಬುಡು,” ಎಂದು ಸೆರಗು ಕೊಡವಿ ಏಳತೊಡಗಿದಳು.

ಶಿವರುದ್ರಮ್ಮನ ಮುಖ ಬಾಡಿದ್ದನ್ನು ಮೇಷ್ಟ್ರು ನೋಡಿದರು. ಏನು ಮಾಡುತ್ತಿದ್ದೇವೆಂದು ತಿಳಿಯುವ ಮೊದಲೇ ಇಪ್ಪತ್ತು ವರ್ಷ ಪಳಗಿದ ಬೆರಳುಗಳು ಕೆಲಸ ಮುಗಿಸಿದ್ದವು. ಟೈಪಿಂಗ್ ಕಲಿಯುತ್ತಿದ್ದ ನರಸಮ್ಮ ಪರದೆಯ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದಳು. “ಕೊ-ಲ್ಲಾ-ಪು-ರ-ಮ್ಮ.”

ಎದ್ದವಳು ಹಾಗೇ ಕೂತಳು. “ಏನಂದೆ?”

“ನಿಮ್ಮೆಸ್ರು ಕಣಕ್ಕ. ಟಿ.ವೀಲಿ ಬಂದದೆ.”

ಇಂದು ಯಾರ ಹೆಸರು ಎಲ್ಲಿ ಬಂದರೂ ಯಾರೂ ಕತ್ತೆತ್ತಿ ನೋಡುವುದಿಲ್ಲ. ಅಂದು ಆ ಕೋಣೆಯಲ್ಲಿ ಕೂತವರೆಲ್ಲ ಮೊಣಕಾಲ ಮೇಲೆದ್ದು ನೋಡಿದರು. ದೊಡ್ಡರಂಗಪ್ಪನವರ ಟಿ.ವಿ.ಯಲ್ಲಿ ಡೆಲ್ಲಿಯವರು ಬಂದಿದ್ದರು, ಬೊಂಬಾಯಿಯವರು ಬಂದಿದ್ದರು. ಶಿರಾ ತಾಲ್ಲೂಕಿನವರು ಒಬ್ಬರೂ ಬಂದಿರಲಿಲ್ಲ. ಹಸಿರು ಬೆಳಕು ಬಿದ್ದ ಮುಖಗಳೆಲ್ಲ ಒಮ್ಮೆಗೇ ಮೇಷ್ಟ್ರ ಕಡೆ ತಿರುಗಿದವು.

“ನಂದೂ ಬರ್ಸಿ ಸ್ವಾಮಿ.” “ನಮ್ಮೋರ್ದು ಬರ್ಸಿ.”

ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದ. ಹೆಂಗಸರಿಗೆಲ್ಲ ಗಂಡನ ಹೆಸರು ಬರಬೇಕು, ಆದರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ.

“ತಲೆ ಕೆಟ್ಟೋರ್ಗೆ ಏನಂತಾರೆ ಸ್ವಾಮಿ, ಅದ್ರ ಮುಂದಕ್ಕೆ ಅಣ್ಣ ಸೇರ್ಸ್ಕಳಿ,” ಎಂದಳು ಕರಿಯಕ್ಕ.

“ತಿಕ್ಕಲಣ್ಣನಾ?”

“ಥೂ, ಅಂಥಾ ಹೆಸ್ರು ಯಾರಾನ ಇಡ್ತಾರ? ಇನ್ನೊಂದು.”

ಹುಚ್ಚಣ್ಣ ಎಂಬಲ್ಲಿಗೆ ಬರುವಷ್ಟರಲ್ಲಿ ಮೇಷ್ಟ್ರಿಗೇ ಅದು ಹಿಡಿಯುವಂತಾಗಿತ್ತು. ಲಕ್ಕಮ್ಮ ಮೊದಲು ಕಿರುಬೆರಳು ತೋರಿಸಿ, ಆಮೇಲೆ ಕೆನ್ನೆ ಉಬ್ಬಿಸಿ ಕೋತಿಯಂತೆ ಮೈ ಕೆರೆದುಕೊಂಡಳು. ಅದು ಚಿಕ್ಕಹನುಮಯ್ಯನೆಂದು ತಿಳಿಯಲು ಕಾಲು ಗಂಟೆ ಹಿಡಿಯಿತು. ಆದರೂ ಗಂಡನ ಹೆಸರು ಮೂಡಿದಾಗ ಓದಲು ಬಾರದ ಕರಿಯಕ್ಕ ಗಾಜನ್ನು ಮೆಲ್ಲಗೆ ಮುಟ್ಟಿ ಆ ಬೆರಳನ್ನು ಕಣ್ಣಿಗೊತ್ತಿಕೊಂಡದ್ದನ್ನು ನೋಡಿ, ಮೇಷ್ಟ್ರು ಬೈಯಲು ತೆರೆದ ಬಾಯಿ ಮುಚ್ಚಿಕೊಂಡರು. ಶಿವರುದ್ರಮ್ಮ ಬಾಗಿಲಲ್ಲಿ ನಿಂತು ಎಲ್ಲರ ಸರದಿ ನೋಡಿಕೊಂಡಳು. ಕೊಲ್ಲಾಪುರಮ್ಮನಿಗೆ ಎರಡನೆಯ ಸರದಿ ಕೊಡಲಿಲ್ಲ. ಮಾರನೆಯ ದಿನ ಕೊಡ ಹೊತ್ತು ತಾನೇ ನಲ್ಲಿಗೆ ಹೋದಳು.

ಆಮೇಲಿನ ಭಾನುವಾರಗಳಲ್ಲಿ ಪಾವಗಡದ ಕಡೆಯಿಂದಲೂ ಜನ ಬಂದರು. ಕಂಪ್ಯೂಟರ್ ಕಲಿಯಲು ಮಾತ್ರ ಒಬ್ಬರೂ ಬರಲಿಲ್ಲ. ಮೇಷ್ಟ್ರ ಬೆರಳುಗಳು ಹಲಸಿನ ತೊಳೆಯಂತೆ ಊದಿಕೊಂಡವು. ಎರಡು ತಿಂಗಳು ಕಳೆದವು. ಟೈಪಿಂಗ್ ಕಲಿಯುವವರನ್ನು ಪರೀಕ್ಷೆಗೆ ತುಮಕೂರಿಗೆ ಕರೆದುಕೊಂಡು ಹೋಗಿದ್ದ ಮೇಷ್ಟ್ರು ಸಂಜೆ ಮರಳಿದರೆ, ಮಾಳಿಗೆಯ ಮೇಲೆ ಆ ಪ್ರಸಿದ್ಧ ಕಂಬ ನಿಂತಿತ್ತು. ಒಳಗೆ ಮಾನಿಟರಿನ ಜಾಗದಲ್ಲಿ ಮರದ ಬಾಗಿಲಿನ ಟಿ.ವಿ., ಅದರ ಮುಂದೆ ಕಾಲು ಚಾಚಿ ಕೂತ ಶಿವರುದ್ರಮ್ಮ.

“ಇದೇನೇ ಇದು?”

“ಬದ್ಲಾಯಿಸ್ಕಂಡ್ವಿ. ಅವ್ಳಿಗೆ ಹೆಸ್ರು ಬರೋ ಟಿ.ವಿ. ಬೇಕಂತೆ, ನನಗೆ ಜನ ಬರೋ ಟಿ.ವಿ. ಸಾಕು.”

“ನನ್ನನ್ನ ಒಂದು ಮಾತು ಕೇಳ್ಬಾರ್ದಾ?”

“ಕಂಬ ಬೇಡ ಅಂದಾಗ ನೀವು ನನ್ನ ಕೇಳಿದ್ರಾ?”

ಮೇಷ್ಟ್ರು ಕುಸಿದು ಕೂತರು. ಕಡೆಯ ಅಸ್ತ್ರವೊಂದು ಉಳಿದಿತ್ತು. “ಲೇ, ನಾನಿಲ್ದೆ ಆ ಪೆಟ್ಟಿಗೇಲಿ ಒಂದಕ್ಷರ ಮೂಡಲ್ಲ. ಅದಾದ್ರೂ ಹೇಳಿದ್ಯಾ?”

“ಹೇಳದೆ ಇರ್ತೀನಾ? ಮೋಸ ಮಾಡಬಾರ್ದು ನೋಡಿ. ಭಾನುವಾರ ಭಾನುವಾರ ನಿಮ್ಮನ್ನೂ ಕಳಿಸ್ತೀನಿ ಅಂತ ಮಾತು ಕೊಟ್ಟಿದೀನಿ,” ಎಂದಳು ಶಿವರುದ್ರಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಒಂಬತ್ತಕ್ಕೆ ಮೇಷ್ಟ್ರು ಕೀಲಿಮಣೆಯನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಾಲ್ಕು ಮನೆ ಆಚೆ ನಡೆಯುತ್ತಿದ್ದರು. ಖಾಲಿ ಬೀದಿಯಲ್ಲಿ ಬೆನ್ನ ಹಿಂದೆ ತಮ್ಮದೇ ಮನೆಯಿಂದ ಅಳು ಕೇಳಿಸುತ್ತಿತ್ತು. ಮೊದಲನೆಯ ವಾರ ಕೊಲ್ಲಾಪುರಮ್ಮನ ಮನೆಗೆ ಮಡಕಶಿರಾದ ನೆಂಟರು ಬಂದಿದ್ದರು. ಚಾಪೆಯ ತುದಿಯಲ್ಲಿ ಕೂತು ವೈರು ಸಿಕ್ಕಿಸುತ್ತಿದ್ದ ಮೇಷ್ಟ್ರನ್ನು ನೋಡಿ ಅವರಲ್ಲೊಬ್ಬಾಕೆ ಇವರು ಯಾರೆಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದಳು, “ಆಯನ ಎವರು ವದಿನಾ?”

“ಓ, ಅವ್ರಾ?” ಎಂದಳು ಕೊಲ್ಲಾಪುರಮ್ಮ, ಎಲೆಗೆ ಸುಣ್ಣ ಸವರುತ್ತಾ. “ಸೆಟ್ ತಗಂಡಾಗ ಜೊತೇಲಿ ಕೊಟ್ರು.”