ತಮ್ಮನ ಕಂಪ್ಯೂಟರಿನ ಆಕಾಶ

ಈ ಯುಗಾದಿಗೆ ಹೇಳೋಣ, ಆ ದೀಪಾವಳಿಗೆ ಹೇಳೋಣ ಅಂತ ಮುಂದೂಡುತ್ತಲೇ ಬಂದೆ. ಇನ್ನು ಆಗುವುದಿಲ್ಲ. ನನ್ನ ತಮ್ಮ, ನಿವೃತ್ತ ವಿಜ್ಞಾನದ ಮೇಷ್ಟ್ರು, ಆಕಾಶಕ್ಕೇ ಥರ್ಮಾಮೀಟರ್ ಇಟ್ಟುಕೊಂಡು ಕೂತ ಮಹಾನುಭಾವ!

ಬಂಗಾರಪೇಟೆಯಲ್ಲಿ ಅವನದು ಒಂದೇ ಕೋಣೆ. ಹೆಂಡತಿಯಿಲ್ಲ, ಕಂಪ್ಯೂಟರ್ ಇದೆ. ಅದರೊಳಗೆ ಬರೀ ಲೆಕ್ಕದಲ್ಲೇ ಒಂದು ಆಕಾಶ ಕಟ್ಟಿದ್ದ. ಅಲ್ಲಿ ಉಷ್ಣತೆಯನ್ನು ಒಂದಿಷ್ಟು ಇಳಿಸಿದರೆ, ಏರಿಸಿದರೆ, ಎತ್ತರದ ಓಝೋನ್ ಪದರ ಏನಾಗುತ್ತದೆ ಅಂತ ನೋಡುವುದೇ ಕೆಲಸ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಿಕ್ಕಿದ್ದೇನೂ ಅಲುಗಬಾರದು. ಈ ಚಟ ಅಡುಗೆಗೂ ಅಂಟಿತ್ತು! ಇವತ್ತು ಉಪ್ಪಿಲ್ಲದ ಸಾರು, ನಾಳೆ ಹುಳಿಯಿಲ್ಲದ ಸಾರು.

"ನಾಡಿದ್ದು ನೀರಿಲ್ಲದ ಸಾರೇನ್ಲಾ?"

"ಅದು ಪಲ್ಯ ಆಗ್ತದಣ್ಣೋ," ಅಂದ ಗಂಭೀರವಾಗಿ.

ಭಾನುವಾರ ಬಸ್ಸು ಹತ್ತಿ ಉರಿಗಾಂನ ನನ್ನ ಮನೆಗೆ ಬರುತ್ತಿದ್ದ. ನಾನೋ ಚಿನ್ನದ ಗಣಿಯಲ್ಲಿ ಬೆಂದವನು. "ಕೆಳಗಿಳಿದಷ್ಟೂ ಕೆಂಡ, ಮೇಲೆ ಓದಷ್ಟೂ ತಂಪು. ಇದಕ್ಕೂ ಕಂಪ್ಯೂಟರ್ ಬೇಕಾ?"

"ಆಕಾಸಾನೂ ನಿನ್ ಗಣಿ ಅಂದ್ಕಂಡ್ಯಾ?"

ಅವನಿಗೆ ಕಣ್ಣಿನ ಆಪರೇಷನ್ ಆದಾಗ ಜೊತೆಗಿದ್ದೆ. ಅದೇ ವಾರ ಒಂದು ಕಾಲೇಜಿನವರು ಅವನ ಆಕಾಶ ನೋಡಬೇಕೆಂದು ಕರೆದಿದ್ದರು. ಜೀವಮಾನದಲ್ಲಿ ಮೊದಲ ಸಲ! ಅವನು ಅಂಕಿ ಹೇಳಿದ, ನಾನು ಒಂದೇ ಬೆರಳಲ್ಲಿ ಒತ್ತಿದೆ. ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ ಮೈನಸ್ ಐವತ್ತಾರು. ಐವತ್ತರಲ್ಲಿ ಮೈನಸ್ ಎರಡು. ಮೇಲೆ ಹೋದಷ್ಟೂ ಬಿಸಿಯೇ? ಪಾಪ, ಮುದುಕನಿಗೆ ತಿರುಗುಮುರುಗಾಗಿದೆ ಅಂತ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ತಿದ್ದಿದೆ. ಅವನ ಮಾನ ಉಳಿಸಿದೆನೆಂಬ ಹೆಮ್ಮೆ ಬೇರೆ!

ಕಾಲೇಜಿನಲ್ಲಿ ಓಝೋನ್ ಹುಚ್ಚೆದ್ದು ಕುಣಿಯಿತಂತೆ. ಎಲ್ಲರೂ ನಕ್ಕರಂತೆ. ಬಂದವನೇ ಕೇಳಿದ: "ನಾ ಯೋಳ್ದಂಗೇ ಒತ್ತಿದ್ಯಾ, ಅಣ್ಣ?"

"ನೀ ಯೋಳಿದ್ದೇ ಒತ್ತಿದ್ದು."

ನಂಬಿಬಿಟ್ಟ. ತನಗಿಂತ ನನ್ನನ್ನೇ ಹೆಚ್ಚು ನಂಬಿದ. ಅಷ್ಟೆತ್ತರದಲ್ಲಿ ಓಝೋನೇ ಬಿಸಿಲನ್ನು ಹೀರಿ ಗಾಳಿಯನ್ನು ಬಿಸಿಯಾಗಿಸುತ್ತದೆ ಅಂತ ಆಮೇಲೆ ತಿಳಿಯಿತು. ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ.

ನಮ್ಮಮ್ಮ ಕೊನೆಗಾಲದಲ್ಲಿ ನಮ್ಮಿಬ್ಬರ ಹೆಸರನ್ನೂ ಮರೆತಿದ್ದಳು. ತನಗೂ ಅದೇ ಶುರುವಾಯಿತು ಅಂದುಕೊಂಡ ತಮ್ಮ. ಕಂಪ್ಯೂಟರಿಗೆ ಟವೆಲ್ ಹೊದಿಸಿದ. ಎಲ್ಲಿಳಿಯಬೇಕೆಂಬುದೇ ಮರೆತುಹೋದೀತು ಅಂತ ಬಸ್ಸು ಹತ್ತುವುದನ್ನೂ ಬಿಟ್ಟ. ಭಾನುವಾರ ಈಗಲೂ ಎರಡು ಲೋಟ ಕಾಫಿ ಮಾಡುತ್ತೇನೆ. ಎರಡನ್ನೂ ನಾನೇ ಕುಡಿಯುತ್ತೇನೆ.

ನಿನ್ನ ತಲೆ ನೆಟ್ಟಗಿದೆ ಕಣೋ ತಮ್ಮಾ. ಉಲ್ಟಾ ಮಾಡಿದವನು ನಾನು, ನಿನ್ನಣ್ಣ ನಾರಾಯಣ.